ಟ್ಯೂಬ್ ಬಿಟ್ಟವರು

ಸೈಕಲ್ಲಿನ ವಿಷಯದಲ್ಲಿ ಶಿಕಾರಿಪುರ, ಸೊರಬದವರ ಮುಂದೆ ಬೇರೆ ತಾಲ್ಲೂಕಿನವರು ಬಾಯಿ ಬಿಡಬಾರದು. 2005ರ ಲೋಕಸಭಾ ಉಪಚುನಾವಣೆಯಲ್ಲಿ ಸೊರಬದ ಬಂಗಾರಪ್ಪನವರು ಸಮಾಜವಾದಿ ಪಕ್ಷದ ಸೈಕಲ್ ಹತ್ತಿ ಶಿವಮೊಗ್ಗ ಗೆದ್ದರು. ಮರುವರ್ಷ ಉಪಮುಖ್ಯಮಂತ್ರಿಯಾಗಿ ಹಣಕಾಸು ಖಾತೆ ಹಿಡಿದ ಶಿಕಾರಿಪುರದ ಯಡಿಯೂರಪ್ಪನವರು 8ನೇ ತರಗತಿ ಮಕ್ಕಳಿಗೆ ಸೈಕಲ್ ಘೋಷಿಸಿದರು. 2008ರಲ್ಲಿ ಬಂಗಾರಪ್ಪನವರು ಅದೇ ಗುರುತಿನ ಸೈಕಲ್ ತುಳಿದುಕೊಂಡು ಶಿಕಾರಿಪುರಕ್ಕೇ ಬಂದರು. ಸೈಕಲ್ ಗುರುತಿನವರನ್ನು ಸೈಕಲ್ ಕೊಟ್ಟವರು 45 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು.

ಇಂಥ ನೆಲಕ್ಕೆ ಈಗ ಮೌಂಟೇನ್ ಬೈಕ್ ಕಾಲಿಟ್ಟಿದೆ. ಹತ್ತುವವರು ಎರಡು ಬಗೆ: ಬೆಂಗಳೂರಿನ ಕಂಪನಿಗೆ ಊರಲ್ಲೇ ಕೂತು ಕೆಲಸ ಮಾಡುವ ಹುಡುಗರು; ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೆದರಿಸಿದ ಅಡಿಕೆ ಸಾಹುಕಾರರು. ಭಾನುವಾರ ಬೆಳಿಗ್ಗೆ ಹೆಲ್ಮೆಟ್ಟು, ಬಣ್ಣದ ಕನ್ನಡಕ, ಮೈಗಂಟಿದ ಬಟ್ಟೆ ತೊಟ್ಟು ಅಂಜನಾಪುರ ಡ್ಯಾಮಿನ ಕಡೆಗೋ, ಚಂದ್ರಗುತ್ತಿ ಗುಡ್ಡದ ಕಡೆಗೋ ಹೊರಡುತ್ತಾರೆ. ಹಾಲಿನ ಕ್ಯಾನು ಕಟ್ಟಿಕೊಂಡು ಕರಿ ಸೈಕಲ್ಲಿನಲ್ಲಿ ಡೇರಿಗೆ ಹೊರಟವನು ಪಂಚೆ ಎತ್ತಿ ಕಟ್ಟಿ ಇವರನ್ನು ದಾಟಿಕೊಂಡು ಹೋಗುತ್ತಾನೆ, ಅದು ಬೇರೆ ಮಾತು. ಅವನದು ಸೈಕ್ಲಿಂಗ್ ಅಲ್ಲ, ಹೊಟ್ಟೆಪಾಡು.

ಈ ಮಹನೀಯರಿಗೆ ಈಗ ಟ್ಯೂಬ್ ಬೇಡವಾಗಿದೆ. ವಿದ್ಯೆ ಕೆಟ್ಟದ್ದೇನಲ್ಲ. 1999ರಲ್ಲಿ ಫ್ರಾನ್ಸಿನ ಮಾವಿಕ್, ಹಚಿನ್ಸನ್, ಮಿಶೆಲಿನ್ ಕಂಪನಿಗಳು ಸೇರಿ ಗುಡ್ಡದ ಸೈಕಲ್ಲಿಗೆಂದೇ ಟ್ಯೂಬಿಲ್ಲದ ಚಕ್ರ ಹೊರತಂದವು. ಗಾಳಿ ಕಡಿಮೆ ಇಟ್ಟು, 25 ಪಿಎಸ್‌ಐ ಆಸುಪಾಸಿನಲ್ಲಿ, ಕಲ್ಲುದಾರಿಯಲ್ಲಿ ಓಡಿಸಬಹುದು. ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಕಚ್ಚುವುದಿಲ್ಲ. ಮುಳ್ಳು ಚುಚ್ಚಿದರೆ ಒಳಗಿನ ಸೀಲೆಂಟ್ ಎಂಬ ದ್ರವ ತೂತಿಗೆ ನುಗ್ಗಿ ಗಟ್ಟಿಯಾಗುತ್ತದೆ. ಆದರೆ ಟ್ಯೂಬ್ ಬಿಡಿಸುವ ಕೆಲಸವನ್ನು ಮನೆಯಲ್ಲೇ ಮಾಡುತ್ತೇನೆ ಎಂದು ಹೊರಟವರ ಮನೆಯ ಜಗಲಿ ನೋಡಬೇಕು.

ಮೊದಲು ಟೈರ್ ಬಿಚ್ಚಿ, ಟ್ಯೂಬ್ ಕಿತ್ತು, ರಿಮ್ ಒರೆಸಿ, ಕಡ್ಡಿಗಳ ತೂತು ಮುಚ್ಚುವಂತೆ ಸುತ್ತಲೂ ಟೇಪ್ ಎಳೆದು ಅಂಟಿಸಬೇಕು. ಟೇಪಿನಲ್ಲಿ ಒಂದು ಸುಕ್ಕು ಉಳಿದರೂ ಗಾಳಿ ಅಲ್ಲಿಂದಲೇ ಹೋಗುತ್ತದೆ. ರಿಮ್ಮೇ ಟ್ಯೂಬ್‌ಲೆಸ್ಸಿಗೆ ಮಾಡಿದ್ದಲ್ಲದಿದ್ದರೆ ಇಡೀ ಪ್ರಯತ್ನ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅದು ಗೊತ್ತಾಗುವುದು ಮಾತ್ರ ಕೊನೆಗೆ. ಆಮೇಲೆ ವಾಲ್ವ್ ಕೂರಿಸಿ, ಟೈರ್ ಏರಿಸಿ, ಬಿಳಿ ಸೀಲೆಂಟ್ ಸುರಿದು, ಅಂಚಿಗೆ ಸೋಪಿನ ನೀರು ಸವರಿ, ಪಂಪ್ ಹೊಡೆಯಬೇಕು. ಟೈರಿನ ಅಂಚು ಟಪ್ ಎಂದು ರಿಮ್ಮಿಗೆ ಕಚ್ಚಿಕೊಂಡರೆ ಗೆದ್ದಂತೆ. ಸಾಮಾನ್ಯವಾಗಿ ಕಚ್ಚುವುದಿಲ್ಲ. ಕಾಲಲ್ಲಿ ಒತ್ತಿ ಹಿಡಿದು ಎಷ್ಟು ಹೊಡೆದರೂ ಗಾಳಿ ಬುಸ್ಸೆಂದು ಪಕ್ಕದಿಂದ ಹೋಗುತ್ತದೆ, ಅಮೋನಿಯಾ ವಾಸನೆಯ ಹಾಲು ಅಂಗಳದಲ್ಲಿ ಒಣಗಲು ಹರವಿದ ಅಡಿಕೆಯ ಮೇಲೆ ಹಾರುತ್ತದೆ. ಅಲ್ಲಿಂದ ಮುಂದಿನ ಮಂತ್ರಗಳನ್ನು ಮನೆಯ ಹೆಂಗಸರು ಹೇಳುತ್ತಾರೆ.

ಕೊನೆಗೆ ಸವಾರಿ ಶಿರಾಳಕೊಪ್ಪದ ಪಂಕ್ಚರ್ ಅಂಗಡಿಗೇ ಬರುತ್ತದೆ. ಒಂದೇ ಉಸಿರಿಗೆ ಅಷ್ಟು ಗಾಳಿ ನುಗ್ಗಿಸಲು ಕಂಪ್ರೆಸರ್ ಬೇಕಲ್ಲ! ಅಲ್ಲಿ ಇನ್ನೊಂದು ತೊಡಕು: ಈ ಚಕ್ರಕ್ಕಿರುವುದು ಪ್ರೆಸ್ಟಾ ವಾಲ್ವ್, ಅಂಗಡಿಯ ಮಿಷನ್ನಿಗೆ ಬೇಕಾದ್ದು ಮೋಟಾರ್ ಬೈಕಿನ ದಪ್ಪ ವಾಲ್ವ್. "ಇದರ ಮೂತಿ ಸಪೂರ ಐತಲ್ರಿ ಸಾವ್ಕಾರ್ರೆ, ನಮ್ ಮಿಷನ್ನಿಗೆ ಕೂರಲ್ಲ. ಟ್ಯೂಬ್ ಐತಾ ಹೇಳ್ರಿ, ಹತ್ತು ನಿಮಿಷದಾಗೆ ಹಾಕಿ ಕೊಡ್ತೀನಿ."

ಟ್ಯೂಬ್ ಇರುತ್ತದೆ. ಟ್ಯೂಬ್‌ಲೆಸ್ ಸವಾರರು ಸೀಟಿನ ಕೆಳಗಿನ ಚೀಲದಲ್ಲಿ ಸದಾ ಒಂದು ಟ್ಯೂಬ್ ಇಟ್ಟುಕೊಂಡೇ ತಿರುಗುತ್ತಾರೆ; ದೊಡ್ಡ ತೂತಾದರೆ ಸೀಲೆಂಟ್ ಕೈ ಕೊಡುತ್ತದೆ ಎಂದು ಬಲ್ಲವರೇ ಹೇಳುತ್ತಾರೆ. ಬಿಟ್ಟದ್ದನ್ನು ಪೂರ್ತಿ ಬಿಡದಿರುವ ಈ ಬುದ್ಧಿಯನ್ನು ನಮ್ಮ ಎರಡು ತಾಲ್ಲೂಕಿಗೆ ಹೊರಗಿನವರು ಹೇಳಿಕೊಡಬೇಕಿಲ್ಲ. ಯಡಿಯೂರಪ್ಪನವರು 2012ರಲ್ಲಿ ಬಿಜೆಪಿ ಬಿಟ್ಟು 2014ರಲ್ಲಿ ವಾಪಸು ಬಂದರು. ಬಂಗಾರಪ್ಪನವರು ಬಿಟ್ಟ, ಹಿಡಿದ ಪಕ್ಷಗಳ ಲೆಕ್ಕ ಈ ಅಂಕಣದಲ್ಲಿ ಹಿಡಿಸುವುದಿಲ್ಲ.

ಸೀಲೆಂಟಿಗೂ ಆಯಸ್ಸಿದೆ. ಕೆಲವೇ ತಿಂಗಳಲ್ಲಿ, ಬೇಸಿಗೆಯಲ್ಲಿ ಇನ್ನೂ ಬೇಗ, ಟೈರಿನೊಳಗೆ ಒಣಗಿ ರಬ್ಬರ್ ಉಂಡೆಯಾಗುತ್ತದೆ. ಮತ್ತೆ ಬಾಟಲಿ, ಮತ್ತೆ ಜಗಲಿ, ಮತ್ತೆ ಮಂತ್ರ. ಸೈಕಲ್ ಓಡಿಸಿದ ಹೊತ್ತಿಗಿಂತ ಅದರ ಆರೈಕೆಯ ಹೊತ್ತು ಹೆಚ್ಚಾದಾಗ ಅದು ಹವ್ಯಾಸ ಅನ್ನಿಸಿಕೊಳ್ಳುತ್ತದೆ.

ನಿಜವಾದ ಟ್ಯೂಬ್‌ಲೆಸ್ ಸೈಕಲ್ ನೋಡಬೇಕೆಂದರೆ ಹಳ್ಳಿಯ ಕೊಟ್ಟಿಗೆಗೆ ಹೋಗಿ. ಸರ್ಕಾರ ಕೊಟ್ಟ ಸೈಕಲ್ ಗೋಡೆಗೆ ಒರಗಿ ನಿಂತಿರುತ್ತದೆ. ಟೇಪಿಲ್ಲ, ಸೀಲೆಂಟಿಲ್ಲ, ಅದರ ಟ್ಯೂಬನ್ನು ಅಪ್ಪ ಎಂದೋ ಉದ್ದಕ್ಕೆ ಸೀಳಿ ಬೈಕಿನ ಹಿಂದೆ ಹುಲ್ಲಿನ ಹೊರೆ ಕಟ್ಟಲು ಬಳಸಿಕೊಂಡಿದ್ದಾನೆ. ಹೊಸ ಸೈಕಲ್ ಕೊಡುವುದೂ 2020ರ ಕೋವಿಡ್ ಕಾಲಕ್ಕೆ ನಿಂತಿತು. 2023ರಲ್ಲಿ ಸೊರಬದ ಶಾಸಕ ಮಧು ಬಂಗಾರಪ್ಪನವರು ಶಾಲಾ ಶಿಕ್ಷಣ ಸಚಿವರಾಗಿ, ಸೈಕಲ್ ಹಂಚುವ ಇಲಾಖೆಯೇ ಸೊರಬಕ್ಕೆ ಬಂದಾಗಲೂ ಅದು ನಿಂತೇ ಇತ್ತು.

ಭಾನುವಾರದ ಸವಾರರೇ, ಹೇಗೂ ಗುಂಪು ಕಟ್ಟಿಕೊಂಡು ಹೊರಡುತ್ತೀರಿ. ಸಚಿವರು ಊರಿಗೆ ಬಂದ ದಿನ ಹ್ಯಾಂಡಲ್ ಆ ಕಡೆ ತಿರುಗಿಸಿ, ಎಂಟನೇ ಕ್ಲಾಸಿನವರ ಸೈಕಲ್ ಏನಾಯಿತು ಎಂದು ಒಂದು ಮಾತು ಕೇಳಿ ಬನ್ನಿ. ಹೋಗುವಾಗ ಆ ಸಪೂರ ಮೂತಿಗೆ ಅಡಾಪ್ಟರ್ ಇಟ್ಟುಕೊಳ್ಳಿ. ನಡುದಾರಿಯಲ್ಲಿ ಗಾಳಿ ಹೋದರೆ ಯಾವ ಪಂಕ್ಚರ್ ಅಂಗಡಿಯಲ್ಲೂ ಆ ಅಡಾಪ್ಟರ್ ಸಿಗುವುದಿಲ್ಲ.