ಕಂಪ್ಯೂಟರಿಗೆ ಬಾಯಿ ಬರಿಸುವ ಕೈಪಿಡಿ (ಸದಾಶಿವನಗರ ಆವೃತ್ತಿ)

ಅಭಿನಂದನೆಗಳು. ಕಣ್ಣು ಕಾಣದಿದ್ದರೂ ಕಂಪ್ಯೂಟರ್ ಕೊಳ್ಳಲು ನಿರ್ಧರಿಸಿದ್ದೀರಿ. ಈ ಕೈಪಿಡಿಯನ್ನು ಮನೆಯವರಿಂದ ಓದಿಸಿಕೊಳ್ಳಿ. ನೀವೇ ಓದಿಕೊಳ್ಳುವಂತಾದ ದಿನ ಇದರ ಅಗತ್ಯ ಇರುವುದಿಲ್ಲ.

ಸುರಕ್ಷತಾ ಸೂಚನೆ

ಪರದೆಯ ಬೆಳಕು ಆರಿಸಿ, ದೀಪವನ್ನೂ ಹಾಕದೆ ಕೆಲಸ ಮಾಡಿದರೆ ಬ್ಯಾಟರಿ, ಕರೆಂಟು ಎರಡೂ ಉಳಿಯುತ್ತವೆ. ಆದರೆ ನಡುರಾತ್ರಿ ಕತ್ತಲೆ ಕೋಣೆಯೊಳಗಿಂದ, ಗಂಡಸಿನದೋ ಹೆಂಗಸಿನದೋ ತಿಳಿಯದ ದನಿಯೊಂದು ‘ರಿಸೈಕಲ್ ಬಿನ್, ಒನ್ ಆಫ್ ಸಿಕ್ಸ್‌ಟೀನ್’ ಎಂದರೆ ಬಾಜೂ ಮನೆಯವರು ಹೆದರುತ್ತಾರೆ. ಬೆಳಗಾವಿಯ ನಮ್ಮ ಸದಾಶಿವನಗರದ ಸ್ಮಶಾನದಲ್ಲಿ 2014ರ ಡಿಸೆಂಬರ್ 6ರಂದು ಆಗ ಮಂತ್ರಿಯಾಗಿದ್ದ ಸತೀಶ ಜಾರಕಿಹೊಳಿಯವರು ಜನರ ಮೂಢನಂಬಿಕೆ ಬಿಡಿಸಲೆಂದು ಊಟ ಮಾಡಿ, ರಾತ್ರಿ ಅಲ್ಲೇ ಉಳಿದಿದ್ದರು. ಅವರು ಅಷ್ಟು ಕಷ್ಟಪಟ್ಟು ಓಡಿಸಿದ ದೆವ್ವಗಳನ್ನು ನಿಮ್ಮ ಲ್ಯಾಪ್‌ಟಾಪು ಮರಳಿ ಕರೆತರುವುದು ಸರಿಯಲ್ಲ. ಇಯರ್‌ಫೋನ್ ಹಾಕಿಕೊಳ್ಳಿ.

ಹಂತ 1: ಅಂಗಡಿ

ಅಂಗಡಿಯಾತ ಮೊದಲು ‘ಡಿಸ್‌ಪ್ಲೇ ಭಾರಿ ಐತ್ರಿ ಸರ’ ಎನ್ನುತ್ತಾನೆ. ಆಮೇಲೆ ನಿಮ್ಮ ಜೊತೆ ಬಂದವರ ಕಡೆ ತಿರುಗಿ, ‘ಇವರಿಗೆ ಎಷ್ಟರದ್ದು ಬೇಕಂತ್ರಿ?’ ಎಂದು ಕೇಳುತ್ತಾನೆ. ಸಿಟ್ಟಾಗಬೇಡಿ. ವಿಂಡೋಸ್ ಮಷೀನಾದರೆ ಕಂಟ್ರೋಲ್, ವಿಂಡೋಸ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿ. ಪರದೆ ಓದಿ ಹೇಳುವ ನರೇಟರ್ ಬಾಯಿಬಿಡುತ್ತದೆ. ಮ್ಯಾಕ್ ಆದರೆ ಕಮಾಂಡ್ ಮತ್ತು ಎಫ್5. ಉಬುಂಟು ಆದರೆ ಆಲ್ಟ್, ವಿಂಡೋಸ್ ಕೀಲಿ, ಎಸ್. ಅಂಗಡಿಯ ಮಷೀನೇ ನಿಮ್ಮೊಡನೆ ಮಾತಾಡಿತೆಂದ ಮೇಲೆ ಅಂಗಡಿಯವನೂ ಮಾತಾಡಬೇಕಾಗುತ್ತದೆ.

ಹಂತ 2

ಚಿತ್ರ 2 ನೋಡಿ. (ಎಲ್ಲ ಕೈಪಿಡಿಗಳಲ್ಲೂ ಹೀಗೇ ಬರೆಯುತ್ತಾರೆ, ಇಲ್ಲೂ ಇರಲಿ.)

ಹಂತ 3: ಆಯ್ಕೆ

ಮ್ಯಾಕ್ ಒಳ್ಳೆಯದು. 2005ರಿಂದ ಅದರೊಳಗೇ ಪರದೆ ಓದುವ ವಾಯ್ಸ್‌ಓವರ್ ಇದೆ, 2022ರಲ್ಲಿ ಕನ್ನಡದ ದನಿಯೂ ಬಂತು. ಕಿಸೆ ಗಟ್ಟಿಯಿದ್ದವರು ಕೈಪಿಡಿಯನ್ನು ಇಲ್ಲಿಗೇ ಮುಚ್ಚಬಹುದು.

ಲಿನಕ್ಸ್ ಮೇಲೆ ನನಗೆ ಪ್ರೀತಿ. ಡೆಬಿಯನ್ ಹಾಕಲು ಕೂತರೆ ಮಷೀನು ಒಮ್ಮೆ ‘ಬೀಪ್’ ಎನ್ನುತ್ತದೆ. ಆಗ ಎಸ್ ಒತ್ತಿ ಎಂಟರ್ ಹೊಡೆದರೆ ಇನ್‌ಸ್ಟಾಲ್ ಆಗುವುದನ್ನೆಲ್ಲ ಅದೇ ಓದಿ ಹೇಳುತ್ತದೆ. ಕೇರಳದಲ್ಲಿ ಅಂಧರಿಗಾಗಿಯೇ ‘ಆಕ್ಸೆಸಿಬಲ್ ಕೋಕೋನಟ್’ ಎಂಬ ಲಿನಕ್ಸ್ ಮಾಡಿದ್ದಾರೆ, ತೆಂಗಿನ ನಾಡಿಗೆ ತಕ್ಕ ಹೆಸರು. ಎಲ್ಲವೂ ಪುಕ್ಕಟೆ. ತೊಡಕು ಬೇರೆ ಕಡೆ ಇದೆ. ಕಣ್ಣಿದ್ದವರಿಗೆ ಸೌಂಡ್ ಕೈಕೊಟ್ಟರೆ ಹಾಡು ನಿಲ್ಲುತ್ತದೆ, ನಮಗೆ ಇಡೀ ಪರದೆಯೇ ಹೋಗುತ್ತದೆ. ಒಂದು ಅಪ್‌ಡೇಟ್ ಆದ ಬೆಳಿಗ್ಗೆ ಮಷೀನು ಮೌನವ್ರತ ಹಿಡಿದರೆ ಯಾರನ್ನು ಕರೆಯುತ್ತೀರಿ? ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇರುವುದೇ ಬೆಳಗಾವಿಯಲ್ಲಿ, ಓಣಿಗೊಬ್ಬ ಇಂಜಿನಿಯರ್ ಸಿಗುತ್ತಾನೆ. ಆದರೆ ‘ಓರ್ಕಾ ಸುಮ್ಮನಾಗೇತಿ, ಬಾರಪಾ’ ಎಂದರೆ, ಅದು ಲಿನಕ್ಸಿನ ಪರದೆ ಓದುವ ತಂತ್ರಾಂಶ ಎಂದು ಗೊತ್ತಿಲ್ಲದೆ, ತಿಮಿಂಗಿಲದ ಸುದ್ದಿ ಇರಬೇಕೆಂದುಕೊಳ್ಳುತ್ತಾನೆ.

ಉಳಿದದ್ದು ವಿಂಡೋಸ್. ಅದನ್ನು ಹೊಗಳಲು ನನಗೆ ಮನಸ್ಸಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಸಿ, ಗಟ್ಟಿಮುಟ್ಟಾಗಿದ್ದ ಎಷ್ಟೋ ಮಷೀನುಗಳನ್ನು ಮುದಿಯೆಂದು ಸಾರಿದರು. ಆದರೂ ಅದರ ಮೇಲೆ ಪರದೆ ಓದುವ ಎನ್‌ವಿಡಿಎ ಓಡುತ್ತದೆ. ವಿಂಡೋಸಿಗೆ 1990ರ ದಶಕದಿಂದ ಇರುವ ಜಾಸ್ ಎಂಬ ಅಂಥದೇ ತಂತ್ರಾಂಶ ಚೆನ್ನಾಗಿದೆ, ಬೆಲೆ ಮಾತ್ರ ಮಷೀನಿನ ಬೆಲೆಯನ್ನೇ ಮೀರಿಸುವಂಥದ್ದು. ಕುರುಡರು ಕಣ್ಣಿದ್ದವರಿಗಿಂತ ಹೆಚ್ಚು ದುಡ್ಡು ಯಾಕೆ ಕೊಡಬೇಕೆಂದು 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಎನ್‌ವಿಡಿಎ ಬರೆಯಲು ಕೂತರು, ಗೆಳೆಯ ಜೇಮ್ಸ್ ಟೆ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣದು. ಚಿಕ್ಕವರಿದ್ದಾಗ ಅಂಧ ಮಕ್ಕಳ ಸಂಗೀತ ಶಿಬಿರದಲ್ಲಿ ಆದ ಪರಿಚಯ. ಅವರ ಕೆಲಸ ಇವತ್ತಿಗೂ ಉಚಿತ. ಅದರೊಳಗಿನ ಇಸ್ಪೀಕ್ ಎಂಬ ದನಿ ಕನ್ನಡವನ್ನೂ ಓದುತ್ತದೆ, ಮರಾಠಿಯನ್ನೂ ಓದುತ್ತದೆ. ದನಿ ಒರಟು. ರೂಢಿಯಾದ ಮೇಲೆ ವೇಗ ಏರಿಸುತ್ತ ಹೋಗುತ್ತೀರಿ, ಆಗ ಮನೆಯವರಿಗೆ ಒಂದಕ್ಷರವೂ ತಿಳಿಯುವುದಿಲ್ಲ. ಖಾಸಗಿ ಪತ್ರಗಳಿಗೆ ಇದಕ್ಕಿಂತ ಒಳ್ಳೆಯ ಬೀಗ ಇಲ್ಲ.

ಆದ್ದರಿಂದ ವಿಂಡೋಸನ್ನೇ ಆರಿಸಿ. ಬ್ಯಾಂಕಿನಲ್ಲಿ, ಕಚೇರಿಯಲ್ಲಿ, ಝೆರಾಕ್ಸ್ ಅಂಗಡಿಯಲ್ಲಿ ಇರುವುದು ಅದೇ. ಕೆಟ್ಟರೆ ರಿಪೇರಿಗೆ ಬರುವ ಹುಡುಗನಿಗೆ ಗೊತ್ತಿರುವುದೂ ಅದೊಂದೇ. ಕುರುಡನ ಕಂಪ್ಯೂಟರಿಗೆ ಕರೆದರೆ ಓಡಿಬರುವ ಮನುಷ್ಯ ಬೇಕು, ಉಳಿದ ಗುಣಗಳನ್ನು ಆಮೇಲೆ ನೋಡೋಣ. ಸೌಂಡ್ ಕೈಕೊಟ್ಟ ದಿನಕ್ಕೆಂದು ನೂರಿನ್ನೂರು ರೂಪಾಯಿಯ ಯುಎಸ್‌ಬಿ ಸೌಂಡ್ ಕಾರ್ಡ್ ಒಂದನ್ನು ಡ್ರಾಯರಿನಲ್ಲಿ ಇಟ್ಟುಕೊಂಡಿರಿ.

ಎಚ್ಚರಿಕೆ: ಯಾವ ಕಾರ್ಯಾಚರಣೆ ವ್ಯವಸ್ಥೆ ಆರಿಸಿದರೂ, ಅದು ಏಳುವ ಮೊದಲಿನ ಬಯೋಸ್ ಪರದೆ ಸಾಮಾನ್ಯ ಮಷೀನುಗಳಲ್ಲಿ ಮಾತಾಡುವುದಿಲ್ಲ. ಅಲ್ಲಿ ಕಣ್ಣಿದ್ದವರ ನೆರವು ತೆಗೆದುಕೊಳ್ಳಿ, ಚಹಾ ಕುಡಿಸಿ ಕಳಿಸಿ.

ಹಂತ 4: ಕನ್ನಡ

ಎಲ್ಲ ಸಜ್ಜಾದ ಮೇಲೆ ಕಚೇರಿಯೊಂದರಿಂದ ರಾಜ್ಯೋತ್ಸವದ ಆಮಂತ್ರಣ ಬರುತ್ತದೆ. ತೆರೆಯುತ್ತೀರಿ. ಮಷೀನು ‘ಪಿ’ ಎನ್ನುತ್ತದೆ, ಆಮೇಲೆ ತಲೆಯ ಮೇಲೆ ಗೆರೆಯಿರುವ ‘ಎ’, ಆಮೇಲೆ ಪೌಂಡಿನ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನರ ಒಂದು ಅಕ್ಷರ, ‘ಕ್ಯೂ’, ಇನ್ನೊಮ್ಮೆ ‘ಎ’. ಇಷ್ಟೂ ಸೇರಿ ‘ಕನ್ನಡ’ ಎಂಬ ಪದ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚಾದ ಕಡತ ಹೀಗೇ ಇರುತ್ತದೆ. ಒಳಗೆ ಶೇಖರವಾಗುವುದು ರೋಮನ್ ಅಕ್ಷರಗಳು, ಫಾಂಟು ಅವುಗಳ ಮೇಲೆ ಕನ್ನಡದ ವೇಷ ತೊಡಿಸುತ್ತದೆ. ಕಣ್ಣು ವೇಷ ನೋಡಿ ಒಪ್ಪಿಕೊಳ್ಳುತ್ತದೆ, ಕಿವಿಗೆ ಒಳಗಿನ ವಿದೇಶಿ ಸಿಕ್ಕಿಬೀಳುತ್ತಾನೆ. ಗಡಿನಾಡಿನಲ್ಲಿ ಕನ್ನಡಕ್ಕಾಗಿ ಇಷ್ಟು ವರ್ಷ ಹೋರಾಡಿದ ಊರಿನ ಆಮಂತ್ರಣ ನನ್ನ ಕಿವಿಯಲ್ಲಿ ಪೌಂಡು ಎಣಿಸುತ್ತದೆ. ಪಕ್ಕದ ಮನೆಯ ಮರಾಠಿ ಲಗ್ನಪತ್ರಿಕೆ ವಾಟ್ಸಾಪಿನಲ್ಲಿ ಯೂನಿಕೋಡ್ ಅಕ್ಷರಗಳಲ್ಲಿ ಬಂದರೆ, ದನಿಯನ್ನು ಮರಾಠಿಗೆ ತಿರುಗಿಸಿ ಮುಹೂರ್ತ, ಊಟದ ವೇಳೆ ಎಲ್ಲ ಕೇಳಿಕೊಳ್ಳುತ್ತೇನೆ.

ಈ ತೊಂದರೆಗೆ ಮ್ಯಾಕ್, ಲಿನಕ್ಸ್, ವಿಂಡೋಸ್ ಮೂರರಲ್ಲೂ ಕೀಲಿ ಇಲ್ಲ. ಕೀಲಿ ಇರುವುದು ಕಡತ ಕಳಿಸುವವರ ಕೈಯಲ್ಲಿ. ಕಚೇರಿಗಳಲ್ಲಿ ಟೈಪ್ ಮಾಡುವ ಅಣ್ಣಾರ, ಅಕ್ಕಾರ, ನುಡಿಯ ಹೊಸ ಆವೃತ್ತಿಯಲ್ಲಿ ಯೂನಿಕೋಡ್ ಐತ್ರಿ. ಮುಂದಿನ ಪತ್ರ ಅದರಾಗ ಹೊಡೆದು ಕಳಸ್ರಿ.