ಏಕಪ್ರೇಕ್ಷಕತ್ವದ ತಾತ್ವಿಕ ನೆಲೆಗಳು: ಓಕಳಿಪುರಂ ಕೇಂದ್ರಿತ ಒಂದು ಅನುಸಂಧಾನ

ಕಿರುತೆರೆ ವಾಹಿನಿಗಳು ಮೈದಾನಗಳಲ್ಲಿ ನಡೆಸುವ ಅಭಿಮಾನಿ ಹಬ್ಬಗಳಿಗೆ ಒಬ್ಬರೇ ಹೋಗುವವರನ್ನು ಕುರಿತು ಕನ್ನಡ ಸಂಶೋಧನೆಯು ತಾಳಿರುವ ಮೌನವು ಅರ್ಥಪೂರ್ಣವೂ, ಬಹುಆಯಾಮಿಯೂ, ಎರಡು ದಿನಗಳ ವಿಚಾರಸಂಕಿರಣಕ್ಕೆ ಸಾಕಾಗುವಷ್ಟು ದೀರ್ಘವೂ ಆಗಿದೆ. ಪ್ರಸ್ತುತ ಪ್ರಬಂಧವು ಆ ಮೌನವನ್ನು ಮುರಿಯುವುದಿಲ್ಲ, ಸಮಸ್ಯಾತ್ಮಕಗೊಳಿಸುತ್ತದೆ. ಇಲ್ಲಿ ‘ಏಕಪ್ರೇಕ್ಷಕತ್ವ’ವೆಂದರೆ, ಧಾರಾವಾಹಿಯ ನಾಯಕಿಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆಯಿದ್ದೂ ಜೊತೆಗೆ ಬರಲು ಮನೆಯಲ್ಲಿ ಯಾರೂ ಒಪ್ಪದಿರುವ ವ್ಯಕ್ತಿಯ ಅಸ್ತಿತ್ವವಾದೀ ಸ್ಥಿತಿ, ಇದರ ಆಡುಮಾತಿನ ರೂಪ, ಪಾಸು ಹರಿಯುವ ಹುಡುಗ ಕೇಳುವ ‘ಒಬ್ರೇ ಬಂದಿದೀರಾ ಆಂಟಿ?’ ಎಂಬುದಾಗಿದೆ.

ಅಧ್ಯಯನಕ್ಷೇತ್ರವಾಗಿ ಬೆಂಗಳೂರಿನ ಓಕಳಿಪುರಂ ಆಯ್ಕೆಯಾದುದಕ್ಕೆ ವೈಧಾನಿಕ ಕಾರಣಗಳಿವೆ. ಒಂದು ಮಗ್ಗುಲಲ್ಲಿ ಮೆಜೆಸ್ಟಿಕ್ಕಿನ ರೈಲು ನಿಲ್ದಾಣ, ಇನ್ನೊಂದರಲ್ಲಿ ಶ್ರೀರಾಂಪುರ, ಹಳಿಗಳ ಆಚೆ ಮಲ್ಲೇಶ್ವರವಿರುವ ಈ ಪ್ರದೇಶವು ‘ಅಂತರಾಲ ಅವಕಾಶ’, ಅಂದರೆ ಎಲ್ಲರೂ ದಾಟಿಹೋಗುವ ಆದರೆ ಯಾರೂ ಇಳಿಯದ ಜಾಗ. ಇಲ್ಲಿನ ಎಂಟು ಪಥಗಳ ಸಿಗ್ನಲ್ ಮುಕ್ತ ರಸ್ತೆಯಲ್ಲಿ ವಾಹನಗಳು ನಿಲ್ಲಬೇಕಾದ ಅಗತ್ಯವಿಲ್ಲವಾದ್ದರಿಂದ, ಹಬ್ಬಕ್ಕೆ ಹೊರಟ ಅಭಿಮಾನಿಯು ನಡೆದು ದಾಟಬೇಕೆಂದರೆ ಅದು ಮೊದಲನೆಯ ಸುತ್ತಿನ ಸ್ಪರ್ಧೆಯೇ ಆಗುತ್ತದೆ.

ಐತಿಹಾಸಿಕ ಹಿನ್ನೆಲೆಯನ್ನು ಕೊಡದ ಪ್ರಬಂಧಕ್ಕೆ ಮಾರ್ಗದರ್ಶಕರು ಸಹಿ ಹಾಕುವುದಿಲ್ಲವಾದ ಕಾರಣ, ಅದನ್ನು ಚುಟುಕಾಗಿ ಹೇಳಬಹುದು. ಬೆಂಗಳೂರು ದೂರದರ್ಶನ 1981ರಲ್ಲಿ ಆರಂಭವಾಯಿತು. 1987ರಲ್ಲಿ ಭಾನುವಾರದ ‘ರಾಮಾಯಣ’ ಬರುವ ಹೊತ್ತಿಗೆ ಟಿವಿ ಇದ್ದ ಒಂದು ಮನೆಯೊಳಗೆ ಇಡೀ ವಠಾರವೇ ಚಪ್ಪಲಿ ಬಿಟ್ಟು ನುಗ್ಗುತ್ತಿತ್ತು. 1994ರಲ್ಲಿ ಉದಯ, 2000ದಲ್ಲಿ ಈಟಿವಿ ಬಂದು, ಧಾರಾವಾಹಿ ದಿನವಹಿಯಾಗಿ, ಟಿವಿ ಮನೆಗೊಂದಾಗಿ, ಆಮೇಲೆ ಮೊಬೈಲು ಕೈಗೊಂದಾಗಿ, ಕೊನೆಗೆ ಒಂದೇ ಸೋಫಾದ ಮೇಲೆ ಮೂವರು ಮೂರು ಕಂತು ನೋಡುವ ‘ಸಹ-ಏಕಾಂತ’ ಪ್ರಾಪ್ತವಾಯಿತು. ಟಿ. ಎನ್. ಸೀತಾರಾಂ ಅವರ ‘ಮುಕ್ತ ಮುಕ್ತ’ ಧಾರಾವಾಹಿಯ ಕಾಲದಲ್ಲಿ ನಡೆದ ಸಂವಾದಗಳಲ್ಲಿ ನೋಡುಗರು ಒಬ್ಬೊಬ್ಬರಾಗಿ ಎದ್ದು ನಿಂತು ಮೈಕು ಹಿಡಿದು ಕಥೆಯನ್ನೇ ಪ್ರಶ್ನಿಸುತ್ತಿದ್ದರೆಂಬುದು ಈ ಪ್ರಬಂಧದ ಚೌಕಟ್ಟಿಗೆ ಹೊಂದದ ಸಂಗತಿಯಾದುದರಿಂದ ಅದನ್ನು ಅಡಿಟಿಪ್ಪಣಿಗೆ ತಳ್ಳಬೇಕಿತ್ತು, ಅಡಿಟಿಪ್ಪಣಿಗೆ ಜಾಗವಿಲ್ಲ.

ಏಕಪ್ರೇಕ್ಷಕರಲ್ಲಿ ಏಳು ಬಗೆ. ಒಂದನೆಯದು ಸ್ವಾಯತ್ತ ಏಕಾಕಿ: ಯಾರ ಹಂಗೂ ಬೇಡವೆಂದು ಬಂದವರು, ಇವರು ವಿರಳ. ಎರಡನೆಯದು ವಲಸೆಜನ್ಯ ಏಕಾಕಿ: ಮಕ್ಕಳು ಅಮೆರಿಕದಲ್ಲಿದ್ದು, ಧಾರಾವಾಹಿಯ ಸೊಸೆಯ ಯೋಗಕ್ಷೇಮವನ್ನು ಸ್ವಂತ ಸೊಸೆಯದಕ್ಕಿಂತ ಹೆಚ್ಚು ಬಲ್ಲವರು. ಮೂರನೆಯದು ಶ್ರಮವಿರಾಮೀಯ ಏಕಾಕಿ: ಗಾರ್ಮೆಂಟ್ಸ್‌ನಲ್ಲಿ ಆರು ದಿನ ಹೊಲಿದು ಏಳನೆಯ ದಿನ ಇಲ್ಲಿಗೆ ಬಂದವರು. ನಾಲ್ಕನೆಯದನ್ನು ಉಪಬಗೆಗಳಾಗಿ ಒಡೆಯುವ ಮೊದಲು ‘ಸೀಟು’ ಎಂಬ ಪರಿಕಲ್ಪನೆಯನ್ನು ವಿವರಿಸಬೇಕಾಗಿದೆ.

ಹಬ್ಬದ ಪ್ಲಾಸ್ಟಿಕ್ ಕುರ್ಚಿಯು ‘ಸಂಕೇತಿತ ಸ್ವಾಮ್ಯ’ದ ನೆಲೆಯಾಗಿದ್ದು, ಅದರ ಮೇಲೆ ದುಪಟ್ಟಾ, ಕರ್ಚೀಫು ಅಥವಾ ಅರ್ಧ ಖಾಲಿಯಾದ ನೀರಿನ ಬಾಟಲಿಯನ್ನಿಟ್ಟರೆ ಹಕ್ಕು ಸ್ಥಾಪಿತವಾಗುತ್ತದೆ, ಆದರೆ ಆ ಹಕ್ಕನ್ನು ಕಾಯಲು ಎರಡನೆಯ ವ್ಯಕ್ತಿ ಬೇಕು. ಒಬ್ಬರೇ ಬಂದವರು ಎದ್ದರೆ ಕುರ್ಚಿ ಹೋಯಿತು, ಆದ್ದರಿಂದ ಅವರು ಏಳುವುದಿಲ್ಲ. ಏಳದಿರಬೇಕಾದರೆ ಶೌಚಾಲಯದ ಅಗತ್ಯ ಬೀಳಬಾರದು, ಅದು ಬೀಳದಿರಬೇಕಾದರೆ ಮಧ್ಯಾಹ್ನದಿಂದ ನೀರು ಕುಡಿಯಬಾರದು. ಸಂಜೆ ಐದಕ್ಕೆ ಎಂದ ಕಾರ್ಯಕ್ರಮ ಎಂಟಕ್ಕೆ ಶುರುವಾಗುತ್ತದೆ. ಅಷ್ಟರೊಳಗೆ, ವೇದಿಕೆಯ ಮೇಲೆ ಯಾರೂ ಇಲ್ಲದಿದ್ದರೂ, ಮುಂದೆ ಸಂಕಲನದಲ್ಲಿ ಬೇಕಾದೀತೆಂದು ಚಪ್ಪಾಳೆ, ನಗು, ಬೆರಗು, ಕಣ್ಣೀರೊರೆಸುವಿಕೆ ಎಲ್ಲವನ್ನೂ ಜನರಿಂದ ಮುಂಗಡವಾಗಿ ಚಿತ್ರೀಕರಿಸಿಕೊಳ್ಳಲಾಗುತ್ತದೆ. ಒಣಗಿದ ಗಂಟಲಿನ ಹೆಂಗಸೊಬ್ಬಳು ಏನೂ ನಡೆಯದಿರುವುದಕ್ಕೆ ಬೆರಗಾಗಿ ತೋರಿಸುವುದನ್ನು ‘ಪ್ರದರ್ಶನಾತ್ಮಕ ಗ್ರಹಿಕೆ’ ಎನ್ನುವ ವಿದ್ವಾಂಸರಿದ್ದಾರೆ. ಅವರು ಆ ಕುರ್ಚಿಯಲ್ಲಿ ಕೂತವರಲ್ಲ.

ಇಡೀ ಉದ್ಯಮದ ಕುಲದೈವ ಕುಟುಂಬ. ಜೀ ಕನ್ನಡದ ಪ್ರಶಸ್ತಿಯ ಹೆಸರೇ ‘ಕುಟುಂಬ’, ಕಲರ್ಸ್ ಕನ್ನಡದ್ದು ‘ಅನುಬಂಧ’. ಹಬ್ಬದ ನಿರೂಪಕಿ ವೇದಿಕೆಗೆ ಕರೆಯುವುದು ದಂಪತಿಗಳನ್ನು, ಅತ್ತೆ-ಸೊಸೆಯರನ್ನು; ಕ್ಯಾಮೆರಾ ಹುಡುಕುವುದು ಒಂದೇ ಬಣ್ಣದ ಸೀರೆಯುಟ್ಟ ಮೂರು ತಲೆಮಾರನ್ನು. ತಮಾಷೆಯೆಂದರೆ ಎಣಿಕೆಯ ಯಂತ್ರಕ್ಕೆ ಈ ಭ್ರಮೆಯಿಲ್ಲ. 2015ರಿಂದ ವೀಕ್ಷಣೆಯನ್ನು ಅಳೆಯುತ್ತಿರುವ ಬಾರ್ಕ್ ಸಂಸ್ಥೆಯ ಮೀಟರಿನಲ್ಲಿ ಮನೆಯ ಒಬ್ಬೊಬ್ಬರಿಗೂ ಒಂದೊಂದು ಗುಂಡಿಯಿದೆ. ನೋಡುವವರು ತಮ್ಮ ಗುಂಡಿಯನ್ನು ತಾವೇ ಒತ್ತಬೇಕು. ಜಾಹೀರಾತುದಾರರಿಗೆ ಮಾರುವ ಲೆಕ್ಕದಲ್ಲಿ ಅವರು ಒಬ್ಬಂಟಿಯಾಗಿಯೇ ಸಲ್ಲುತ್ತಾರೆ, ಮೈದಾನಕ್ಕೆ ಬಂದಾಗ ಮಾತ್ರ ಸಲ್ಲುವುದಿಲ್ಲ. ‘ಒಂದೇ ಸೀಟಾ? ಹಿಂದೆ ಹೋಗಿ ಮೇಡಂ, ಇದು ಫ್ಯಾಮಿಲಿಗೆ’ ಎಂದು ಎಬ್ಬಿಸುವ ಹುಡುಗನಿಗೆ ಗೊತ್ತಿಲ್ಲ, ಅವನ ಸಂಬಳದಲ್ಲಿ ಆ ಗುಂಡಿಯ ಕಾಸೂ ಇದೆಯೆಂದು. ನಾಚಿಕೆಯಾಗಬೇಕು, ಅವನಿಗಲ್ಲ, ಅವನಿಗೆ ಹಾಗೆ ಹೇಳಿಕೊಟ್ಟವರಿಗೆ.

ಉಳಿದ ನಾಲ್ಕು ಬಗೆಗಳನ್ನು ಪ್ರಬಂಧವು ಕೈಬಿಟ್ಟಿದೆ. ಏಕಾಂತವನ್ನು ಎಷ್ಟು ಬಗೆಯಾಗಿ ಒಡೆದರೂ, ರಾತ್ರಿ ಹತ್ತೂವರೆಗೆ ಬೇರೆಯವರ ಕಾರುಗಳು ಹೊರಡುವುದನ್ನು ನೋಡುತ್ತ ಬಸ್ಸಿಗೆ ನಿಂತವರು ಒಂದೇ ಬಗೆಯವರು. ನಾಯಕಿ ವೇದಿಕೆಯಲ್ಲಿದ್ದದ್ದು ಸ್ವಲ್ಪವೇ ಹೊತ್ತು, ಅದೂ ಬಹಳ ದೂರದಲ್ಲಿ, ಎದುರಿನವರು ಎತ್ತಿ ಹಿಡಿದ ಮೊಬೈಲುಗಳ ಸಂದಿಯಲ್ಲಿ. ಆದರೂ ಅವಳ ಸೀರೆಯ ಬಣ್ಣ ಟಿವಿಯಲ್ಲಿ ಕಾಣುವುದಕ್ಕಿಂತ ತಿಳಿಯಾಗಿದೆಯೆಂಬುದನ್ನು ಇವರು ಗಮನಿಸಿರುತ್ತಾರೆ, ಅದನ್ನು ಹೇಳಿಕೊಳ್ಳಲು ಪಕ್ಕದಲ್ಲಿ ಯಾರಾದರೂ ಇದ್ದರೆ ಚೆನ್ನಾಗಿತ್ತು. ಪಕ್ಕದ ಕುರ್ಚಿಯವರು ‘ಹೋಗ್ಬನ್ನಿ, ನಾನು ನೋಡ್ಕೋತೀನಿ’ ಎಂದಿದ್ದರೆ ಒಂದು ಲೋಟ ನೀರನ್ನಾದರೂ ಕುಡಿಯಬಹುದಿತ್ತು.