ಕ್ವಾಂಟ್ ಆಗ್ತಾನಂತೆ!

ಕರಿಬೇವಿಗೆ ನನ್ನನ್ನ ಕೇಳಬೇಕಾ ಅಕ್ಕ, ಕೈ ಚಾಚಿ ಕಿತ್ಕೊಳ್ಳಿ. ಅದಿರಲಿ, ನಿಮ್ಮ ಹುಡುಗ ಕ್ವಾಂಟ್ ಆಗ್ತಾನಂತಲ್ಲ? ಷೇರು, ಬಾಂಡುಗಳ ಏರಿಳಿತವನ್ನ ಗಣಿತ ಹಾಕಿ ಹಿಡಿಯೋ ಕೆಲಸ. ಸಂಬಳ ಚೆನ್ನಾಗಿದೆ, ಬಿಡಿ.

"ಹಾಗಾದ್ರೆ ಬಿ.ಕಾಂ.ಗೆ ಸೇರಿಸ್ಲಾ? ದುಡ್ಡಿನ ವಿಷಯ ತಾನೇ?"

ಅಯ್ಯೋ, ಜಮಾಖರ್ಚು, ಟ್ಯಾಲಿ, ತೆರಿಗೆ ಇವೆಲ್ಲ ಬೇರೆ ದಾರಿ. ಒಳ್ಳೇ ದಾರಿನೇ, ಆದ್ರೆ ಇವನದ್ದಲ್ಲ. ಇವನಿಗೆ ಪ್ರಾಬಬಿಲಿಟಿ ಬೇಕು, ಸ್ಟ್ಯಾಟಿಸ್ಟಿಕ್ಸ್ ಬೇಕು, ಲೀನಿಯರ್ ಆಲ್ಜೀಬ್ರಾ ಬೇಕು, ಪೈಥಾನೋ ಸಿ ಪ್ಲಸ್ ಪ್ಲಸ್ಸೋ ಕೈಗೆ ಹತ್ತಿರಬೇಕು. 1973ರಲ್ಲಿ ಬ್ಲ್ಯಾಕ್ ಮತ್ತು ಷೋಲ್ಸ್ ಆಪ್ಷನ್ನುಗಳ ಬೆಲೆಗೆ ಸೂತ್ರ ಕೊಟ್ಟರಲ್ಲ, ಅವರ ಸಮೀಕರಣವನ್ನ ಒಂಚೂರು ತಿರುಗಿಸಿ ಬರೆದ್ರೆ ಕಬ್ಬಿಣದ ಸರಳಲ್ಲಿ ಶಾಖ ಹರಿಯೋ ಸಮೀಕರಣವೇ ಎದುರಿಗೆ ನಿಲ್ಲತ್ತೆ! ಆ ಬ್ಲ್ಯಾಕ್ ಕಾಲೇಜಲ್ಲಿ ಓದಿದ್ದೂ ಫಿಸಿಕ್ಸೇ. ಇನ್ನು ಜಿಮ್ ಸೈಮನ್ಸ್, ಜ್ಯಾಮಿತಿಯ ದೊಡ್ಡ ಪ್ರೊಫೆಸರು. ರಿನೇಸಾನ್ಸ್ ಅನ್ನೋ ಹೂಡಿಕೆ ಕಂಪನಿ ಕಟ್ಟಿದಾಗ ವಾಲ್ ಸ್ಟ್ರೀಟಿನಲ್ಲಿ ಪಳಗಿದವರ ಬದಲು ಗಣಿತದವರನ್ನ, ಭೌತವಿಜ್ಞಾನಿಗಳನ್ನ, ಐಬಿಎಂನಲ್ಲಿ ಕಂಪ್ಯೂಟರಿಗೆ ಮಾತು ತಿಳಿಯೋ ಹಾಗೆ ಮಾಡ್ತಿದ್ದವರನ್ನ ತಂದು ಕೂರಿಸಿದ. ವ್ಯಾಪಾರ ಆಮೇಲೆ ಕಲೀಬಹುದು, ಮೂವತ್ತಕ್ಕೆ ಕೂತು ಪ್ರಾಬಬಿಲಿಟಿ ಕಲಿಯೋದು ಯಮಯಾತನೆ.

"ಅದಕ್ಕೆಲ್ಲ ಅಮೆರಿಕಕ್ಕೇ ಹೋಗ್ಬೇಕೇನೋ?"

ಬೆಂಗಳೂರಿನ ಮೈಸೂರು ರಸ್ತೆಗೆ ಹೋದ್ರೆ ಸಾಕು! ಅಲ್ಲೇ ಐಎಸ್‌ಐ, ಅಂದ್ರೆ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಇದೆ, ಬಿ.ಮ್ಯಾಥ್ ಅಂತ ಕೋರ್ಸು. ಪ್ರವೇಶ ಪರೀಕ್ಷೆ ಮಾತ್ರ ಸುಲಭದ್ದಲ್ಲ, ಟಿಕ್ ಹಾಕಿದ್ರೆ ಮುಗಿಯಲ್ಲ, ಒಂದು ಪೇಪರಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದು ತೋರಿಸಬೇಕು. ಚೆನ್ನೈನಲ್ಲಿ ಸಿಎಂಐ, ಅಂದ್ರೆ ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್ ಇದೆ. ಎರಡೂ ಸಿಗ್ಲಿಲ್ವಾ, ಗಣಿತ, ಸ್ಟ್ಯಾಟಿಸ್ಟಿಕ್ಸ್ ಇರೋ ಬಿ.ಎಸ್ಸಿ. ಸೇರ್ಲಿ. ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗೂ ಆದೀತು, ಆದ್ರೆ ಗಣಿತದ ಪೇಪರುಗಳನ್ನ ಪಾಸಾದ್ರೆ ಸಾಕು ಅಂತ ಓದಬಾರದು.

"ಇವನಿಗೆ ಅದೆಲ್ಲ ಹತ್ತತ್ತಾ ಅಂತ ಹೇಗೆ ಗೊತ್ತಾಗ್ಬೇಕು?"

ಚೌಕಾಬಾರ ಆಡಿಸಿ. ತಮಾಷೆ ಅಲ್ಲ, ಈ ಕೆಲಸದ ಇಂಟರ್‌ವ್ಯೂಗಳಲ್ಲಿ ದಾಳ, ನಾಣ್ಯದ್ದೇ ಪ್ರಶ್ನೆ. ನಾಲ್ಕು ಕವಡೆಯೂ ಮೇಲ್ಮುಖವಾಗಿ ಬಿದ್ದು ಚೌಕಾ ಆಗೋಕೆ ಸರಾಸರಿ ಎಷ್ಟು ಸಲ ಎಸೀಬೇಕು, ಕೇಳಿ. ತಟ್ಟನೆ 16 ಅಂದ್ರೆ ಲೆಕ್ಕ ಬರತ್ತೆ ಅಂತ ಆಯ್ತು. "ಕವಡೆ ನಾಣ್ಯದ ಹಾಗೆ ಎರಡೂ ಕಡೆ ಸಮವಾಗಿ ಬೀಳಲ್ಲಮ್ಮ, ಮೊದಲು ನೂರು ಸಲ ಎಸೆದು ಬರ್ಕೋಬೇಕು" ಅಂದ್ನೋ, ಆವತ್ತೇ ಐಎಸ್‌ಐಗೆ ಅರ್ಜಿ ಹಾಕ್ಸಿ.

"ಕವಡೆ ಅಟ್ಟದ ಮೇಲಿದೆ. ಅವನು ಟ್ಯೂಷನ್ನಿಂದ ಬರ್ಲಿ, ಅವನ ಕೈಲೇ ಇಳಿಸ್ತೀನಿ."